ಕಿವಿಯೊಳಗಿನ ಕಲ್ಲು

ಈ ರಾಜಧಾನಿಗೆ ರಸ್ತೆಯಿಲ್ಲ.
ಹಡಗಿನಲ್ಲಿ ಬರಬೇಕು, ಇಲ್ಲವೇ
ಮೋಡ ಮನಸ್ಸು ಮಾಡಿದರೆ ವಿಮಾನದಲ್ಲಿ.
ನಾವು ಹಡಗಿನಲ್ಲಿ ಬಂದೆವು, ಮೂರು ದಿನ:
ನಾನು, ಆರಿನ್, ಅವನ ಹಳೇ ಟ್ರಕ್ಕು,
ಸೀಟಿನ ಕೆಳಗೆ ಒಂದು ಬೂಟಿನ ಡಬ್ಬ.
ಡಬ್ಬದಲ್ಲಿ ಓಹಾಯೋದ ನನ್ನ ಹದಿನಾಲ್ಕು ವರ್ಷದ ಸರ್ಕಾರಿ ನೌಕರಿ.

ಅಲ್ಲಿ ನಾನು ಡ್ರೈವಿಂಗ್ ಲೈಸೆನ್ಸಿನ ಕೌಂಟರಿನಲ್ಲಿದ್ದೆ.
ಗಲ್ಲ ಎತ್ತಿ, ಕಣ್ಣು ಬಿಡಿ, ನಗಬೇಡಿ,
ಹೀಗೆ ಇಡೀ ಜಿಲ್ಲೆಯ ಮುಖ ಕಂಡವಳು.
ಇಲ್ಲಿ ಅಂಗಡಿಯವನೂ ಕೇಳಿದ: ಪ್ರವಾಸಿಗರಾ?

ಆರಿನ್‌ಗೆ ಹಡಗಿನ ಎಂಜಿನ್ ಕೋಣೆಯ ಕೆಲಸ
ಮೊದಲೇ ಗಟ್ಟಿಯಾಗಿತ್ತು.
ನನಗೆ ಗಟ್ಟಿಯಾಗಿದ್ದದ್ದು ಮಳೆ ಮಾತ್ರ.

ಜೂನಿನಲ್ಲಿ ಮೊದಲ ಅರ್ಜಿ.
ಪ್ರಶ್ನೆ ಒಂಬತ್ತು: ಈ ರಾಜ್ಯದಲ್ಲಿ ಎಷ್ಟು ದಿನದಿಂದ ವಾಸ?
ಹದಿನೇಳು, ಎಂದು ಬರೆದೆ.
ಬರೆದು ಸುಮ್ಮನೆ ಕೂತೆ,
ಕರೆಯದವರ ಮನೆಗೆ ಊಟದ ಹೊತ್ತಿಗೇ ಹೋದವಳ ಹಾಗೆ.

ರಸ್ತೆ ಇಲಾಖೆ, ಕೋರ್ಟಿನ ಕಡತಕೋಣೆ, ಪಿಂಚಣಿ ವಿಭಾಗ.
ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ.
ಆ ಭಾಷೆ ನನಗೆ ಬರುತ್ತದೆ, ಹದಿನಾಲ್ಕು ವರ್ಷ
ಅದನ್ನೇ ಆಡಿದ ನಾಲಿಗೆ ಇದು.
ಪರಿಶೀಲನೆಯಲ್ಲಿದೆ ಎಂದರೆ
ಯಾರದೋ ಮೇಜಿನ ಮೇಲೆ, ಕಾಫಿ ಲೋಟದ ಅಡಿಯಲ್ಲಿದೆ.

ಸೆಪ್ಟೆಂಬರಿನ ಸಂದರ್ಶನದಲ್ಲಿ ಇಬ್ಬರು ಎದುರಿಗೆ,
ಒಬ್ಬ ಫೋನಿನೊಳಗೆ.
ಫೋನಿನೊಳಗಿನವನೇ ಕೇಳಿದ:
ಹೊರಗಿನವರು ಫೆಬ್ರವರಿಗೆ ಗಂಟುಮೂಟೆ ಕಟ್ಟುತ್ತಾರೆ, ನೀವು?
ಗಂಟು ಬಿಚ್ಚಲು ಜಾಗ ಕೊಟ್ಟು ನೋಡಿ, ಎಂದುಬಿಟ್ಟೆ.
ಯಾರೂ ನಗಲಿಲ್ಲ.
ಆರಿನ್‌ಗೆ ರಾತ್ರಿ ಹೇಳಿದೆ: ಇದೂ ಹೋಯಿತು.

ಕೆಲಸ ಕೊಟ್ಟರು. ಮೀನಿಲಾಖೆ, ಆರು ತಿಂಗಳು, ತಾತ್ಕಾಲಿಕ.

ಸಾಲ್ಮನ್ ಮೀನಿನ ತಲೆಯೊಳಗೆ, ಕಿವಿಯ ಬಳಿ, ಒಂದು ಕಲ್ಲಿರುತ್ತದೆ.
ಎಳ್ಳಿಗಿಂತ ದೊಡ್ಡದು, ಅಕ್ಕಿಗಿಂತ ಚಿಕ್ಕದು.
ಅದನ್ನು ಗಾಜಿನ ಮೇಲೆ ಅಂಟಿಸಿ, ಉಜ್ಜಿ ತೆಳುವಾಗಿಸಿ,
ಸೂಕ್ಷ್ಮದರ್ಶಕದಡಿ ಹಿಡಿದು ಗೆರೆ ಎಣಿಸುವುದು.
ಕೊನ್ಸೊ ಅಬಾದ್ ಕಲಿಸಿಕೊಟ್ಟಳು, ಇಪ್ಪತ್ತೆರಡು ವರ್ಷದಿಂದ
ಇದೇ ಸ್ಟೂಲಿನ ಮೇಲೆ ಕೂತವಳು.
ಇಲೊಯಿಲೊದಿಂದ ಅಪ್ಪನ ಜೊತೆ ಬಂದಾಗ
ಅವಳಿಗೆ ಒಂಬತ್ತು ವರ್ಷವಂತೆ.

ಮೊಟ್ಟೆಕೇಂದ್ರದವರು ನೀರನ್ನು ಬೆಚ್ಚಗೆ ಮಾಡಿ, ತಣಿಸಿ,
ಮತ್ತೆ ಬೆಚ್ಚಗೆ ಮಾಡುತ್ತಾರೆ.
ಇನ್ನೂ ಹುಟ್ಟದ ಮರಿಯ ಕಿವಿಕಲ್ಲಿನಲ್ಲಿ
ಆ ಚಳಿ ಗೆರೆಯಾಗಿ ಕೂರುತ್ತದೆ.
ನಾಲ್ಕು ಗೆರೆ, ಒಂದು ಬಿಡುವು, ಮೂರು ಗೆರೆ:
ಇಂಥ ಕೊಲ್ಲಿ, ಇಂಥ ತೊಟ್ಟಿ, ಇಂಥ ವರ್ಷ.
ನೀರಿನಲ್ಲಿ ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುತ್ತಾರಲ್ಲ,
ನಾನು ದಿನಕ್ಕೆ ಇನ್ನೂರು ಕಾಣುತ್ತೇನೆ.

ಒಂದು ಮಧ್ಯಾಹ್ನ, ಎಷ್ಟು ತಿರುಗಿಸಿದರೂ
ಗೆರೆಯೇ ಇಲ್ಲದ ಕಲ್ಲು.
ಉಜ್ಜಿ ಕೆಡಿಸಿದೆನೆಂದು ಕೈ ತಣ್ಣಗಾಯಿತು.
ಕೊನ್ಸೊ ಬಗ್ಗಿ ನೋಡಿದಳು.
ಗುರುತಿರುವುದೆಲ್ಲ ನಮ್ಮ ಸರ್ಕಾರದ್ದು, ಎಂದಳು,
ಇದು ಹೊಳೆಯದು. ಸೊನ್ನೆ ಬರಿ.

ಬರೆದೆ. ಬರೆಯುವಾಗ ಬೂಟಿನ ಡಬ್ಬ ನೆನಪಾಯಿತು,
ಯಾಕೆ ಎಂದು ಕೇಳಬೇಡಿ.
ಫೆಬ್ರವರಿ ಬಂತು, ಬೆಳಿಗ್ಗೆ ಒಂಬತ್ತಕ್ಕೂ ಕತ್ತಲೆ.
ಸಂಜೆ ಆರಿನ್‌ನ ಹಡಗು ಬರದ ದಿನಗಳಲ್ಲಿ
ಕೊನ್ಸೊ ಮನೆಯ ಸೊಪ್ಪಿನ ಸಾರು, ಅವಳ ಜಗಳಗಂಟ ಅಕ್ಕ,
ಟೀವಿಯಲ್ಲಿ ಬ್ಯಾಸ್ಕೆಟ್‌ಬಾಲು.
ಹೊರಟವರು ಹೊರಟರು, ಎದುರು ಮನೆಯ ಶಿಕ್ಷಕನೂ.
ನಾನು ಗೆರೆ ಎಣಿಸುತ್ತಿದ್ದೆ.

ಮಾರ್ಚಿನ ಕೊನೆಗೆ ಮತ್ತೆ ಅರ್ಜಿ, ಈ ಸಲ ಕಾಯಂ ಹುದ್ದೆಗೆ.
ಮತ್ತೆ ಪ್ರಶ್ನೆ ಒಂಬತ್ತು.
ಒಂದು ಚಳಿಗಾಲ, ಎಂದು ಬರೆದೆ.
ಅಂಕಿಯಲ್ಲೇ ಬರೆಯಬೇಕಂತೆ, ಕೊನ್ಸೊ ಬೈದಳು,
ಹದಿನಾಲ್ಕು ವರ್ಷ ಏನು ಕಲಿತೆ?
ಹೊಡೆದುಹಾಕಿ, ಮೂರು ಚೌಕದಲ್ಲಿ ಮೂರು ಅಂಕಿ ತುಂಬಿದೆ:
ಮೂರು, ಸೊನ್ನೆ, ಎಂಟು.

ಅದೀಗ ಪರಿಶೀಲನೆಯಲ್ಲಿದೆ.
ಕೊನ್ಸೊ ಮುಂದಿನ ತಟ್ಟೆ ನನ್ನ ಕಡೆ ಸರಿಸುತ್ತಾಳೆ.