ಅಳತೆ

ಆರು ದಿನ ಇದು ಟೈಲರ್ ಅಂಗಡಿ.
ಲಗ್ಗೆರೆಯ ಒಂದು ಅಡ್ಡರಸ್ತೆ, ಹಾಲಿನ ಬೂತಿನ ಪಕ್ಕ,
ಫಾಲ್ಸು, ಪಿಕೋ, ಬ್ಲೌಸಿಗೆ ಲೈನಿಂಗು.
ಭಾನುವಾರ ಶಟರ್ ಅರ್ಧ ಎತ್ತಿದರೆ
ಅದೇ ಕಟಿಂಗ್ ಟೇಬಲ್ಲಿಗೆ ಕಾನೂನು ಬಂದು ಕೂರುತ್ತದೆ,
ಅಂದರೆ ವಕೀಲೆ ಎಸ್ತರ್, ಒಂದು ಫೈಲು, ಫ್ಲಾಸ್ಕಿನಲ್ಲಿ ಟೀ.
ಬೋರ್ಡು ಹಾಕಿಲ್ಲ. ಬೋರ್ಡು ಓದಿದವರನ್ನು
ಬೀದಿ ಓದುತ್ತದೆ.
ಬ್ಲೌಸ್ ಪೀಸು ಹಿಡಿದು ಬಂದರೆ ಯಾರೂ ಏನೂ ಕೇಳುವುದಿಲ್ಲ.

ಹೊಂಬಮ್ಮ ಬಂದಾಗಲೂ ಕೈಯಲ್ಲಿ ಒಂದು ಪೀಸಿತ್ತು, ಗಿಳಿಹಸಿರು.
ಗಾರ್ಮೆಂಟ್ಸಿನವಳು. ಕಾಲರ್ ಸೆಕ್ಷನ್ನು.
ಠಾಣೆಯಲ್ಲಿ ನಾಲ್ಕು ಸಲ ಹೇಳಿದ್ದಳಂತೆ.
ನಾಲ್ಕು ಸಲವೂ, "ಮೊದಲಿಂದ ಹೇಳಮ್ಮ."
ತಾರೀಕು ಎಷ್ಟು? ಗಂಟೆ ಎಷ್ಟು?
ಎಡಗೈಯೋ ಬಲಗೈಯೋ?
ಕೂಗಲಿಲ್ಲ ಯಾಕೆ?
ಒಂದು ಸಲ ಗುರುವಾರ ಅಂದಳು, ಒಂದು ಸಲ ಶುಕ್ರವಾರ.
ಪೆನ್ನು ಅಲ್ಲೇ ನಿಂತಿತು.
"ಮೊದಲು ನೀನೇ ಸರಿಯಾಗಿ ನೆನಪು ಮಾಡ್ಕೊಂಡು ಬಾ."

ಅವಳು ಮರೆತಿರಲಿಲ್ಲ.
ನೆನಪು ಪೂರಾ ಇತ್ತು, ಹೊಲಿಗೆ ಬಿಚ್ಚಿದ ತುಂಡುಗಳ ಹಾಗೆ,
ಯಾವುದು ತೋಳು ಯಾವುದು ಬೆನ್ನು ಗೊತ್ತಾಗದೆ.

ಮೊದಲ ವಾರ ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದೆವು.
ತಪ್ಪು ನಮ್ಮದೇ. ಸ್ಕೂಟರ್ ಸದ್ದಿಗೆಲ್ಲ ತಿರುಗಿ ತಿರುಗಿ ನೋಡಿ
ಟೀ ಮುಗಿಸದೆ ಎದ್ದುಹೋದಳು.
ಎರಡನೇ ವಾರ ಸ್ಟೂಲು ತಿರುಗಿಸಿಟ್ಟೆ.
ಎಸ್ತರ್ ಏನೂ ಕೇಳಲಿಲ್ಲ. ನಾನು ಕೇಳಿದೆ:
ಕತ್ತು ಎಷ್ಟು ಆಳ ಇಡಲಿ?
ನನಗೆ ಗೊತ್ತಿರುವ ಕೆಲಸ ಅದೊಂದೇ.
ಟೇಪು ಹಿಡಿದು ಹೇಳಿದೆ: ಈಗ ಭುಜ ಮುಟ್ಟುತ್ತೇನೆ. ಮುಟ್ಟಲಾ?
ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಹೇಳುವ ಮಾತು,
ಅಮ್ಮಿ ಕಲಿಸಿದ್ದು.
ಅವಳು ಬಹಳ ಹೊತ್ತು ಟೇಪನ್ನೇ ನೋಡಿದಳು.
"ಬೇಡ. ಹಳೇ ಬ್ಲೌಸು ತಂದ್ಕೊಡ್ತೀನಿ, ಅದರ ಅಳತೆಗೆ ಹೊಲೀರಿ."
ಎಸ್ತರ್ ಫೈಲಿನ ಮೊದಲ ಹಾಳೆಯಲ್ಲಿ ಬರೆದದ್ದು ಅಷ್ಟೇ:
ಬೇಡ ಎಂದರು. ನಿಲ್ಲಿಸಿದೆವು.

ಮೂರನೇ ವಾರ ಕರೆಂಟಿರಲಿಲ್ಲ.
ಮೂಲೆಯ ತುಳಿಯುವ ಮಿಷನ್ನು ನೋಡಿ
"ಕೂರಲಾ?" ಎಂದವಳು ಅವಳೇ.
ಚಿಂದಿ ಬಟ್ಟೆ ಕೊಟ್ಟೆ. ನಮಗೆ ಬೆನ್ನು ಹಾಕಿ
ಬಾಗಿಲಿಗೆ ಮುಖ ಮಾಡಿ ತುಳಿಯತೊಡಗಿದಳು.
ಆ ಸದ್ದಿನ ಒಳಗಿಂದ ಮಾತು ಬಂತು,
ನಡುವಿನಿಂದ ಬಂತು, ಅವನ ಬಾಯಿಯ ಸೋಂಪಿನ ವಾಸನೆಯಿಂದ.
ಆಮೇಲೆ ಮಗಳ ಸ್ಕೂಲ್ ಶೂ. ಆಮೇಲೆ ಗೋಡೌನಿನ ಟ್ಯೂಬ್‌ಲೈಟು.
ತಾರೀಕಿಲ್ಲ. "ನೀಲಿ ಗೆರೆ ಶರ್ಟಿನ ಆರ್ಡರು,
ಕೊನೇ ಲೋಡು ಹೋದ ರಾತ್ರಿ."
ಕಾಲು ನಿಂತಾಗ ಮಾತೂ ನಿಲ್ಲುತ್ತಿತ್ತು.
ಕಾಯುತ್ತಿದ್ದೆವು. ಬೂತಿನವನು ಹಾಲಿನ ಕ್ರೇಟು ಎಸೆದ ಸದ್ದು.
ಮತ್ತೆ ಕಾಲು.
ಎಸ್ತರ್ ಕೈಗೆ ಸಿಕ್ಕ ಕಂದು ಪ್ಯಾಟರ್ನ್ ಹಾಳೆಯ ಮೇಲೆ ಬರೆಯುತ್ತ ಹೋದಳು,
"ಆಮೇಲೆ?" ಅನ್ನದೆ, "ಸಮಾಧಾನ" ಅನ್ನದೆ.

ಲಾರಿಯ ಗೇಟ್ ಪಾಸಿನಲ್ಲಿ ಹೊತ್ತು ಬರೆದಿತ್ತು:
ಹನ್ನೆರಡು ದಾಟಿ ಇಪ್ಪತ್ತು ನಿಮಿಷ.
ಗುರುವಾರದ ಡ್ಯೂಟಿ, ಶುಕ್ರವಾರದ ತಾರೀಕು.
ಎರಡು ಸಲವೂ ನಿಜವನ್ನೇ ಹೇಳಿದ್ದಳು.

ಅದಾಗಿ ಏಳು ತಿಂಗಳು.
ಗಿಳಿಹಸಿರು ಪೀಸು ಶೆಲ್ಫಿನಲ್ಲೇ ಇದೆ.
ಹಳೇ ಬ್ಲೌಸು ಅವಳು ತಂದಿಲ್ಲ, ನಾನು ಕೇಳಿಲ್ಲ.
ನೃಪತುಂಗ ರಸ್ತೆಯ ಕೋರ್ಟಿಗೆ ಮುಂಚೆಯೇ ಒಂದು ದಿನ
ಕರೆದೊಯ್ದು ತೋರಿಸಿದ್ದೆವು: ನೀನು ಇಲ್ಲಿ ನಿಲ್ಲೋದು,
ಅವನು ಅಲ್ಲಿ, ನಡುವೆ ಪರದೆ ಕೇಳಿದ್ದೇವೆ,
ನೀರು ಬೇಕಂದ್ರೆ ಕೈ ಎತ್ತು, ಸಾಕು ಅನ್ಸಿದ್ರೂ ಎತ್ತು.
ಪರದೆಗೆ ಅಪ್ಪಣೆ ಸಿಕ್ಕಿತು. ಪರದೆ ಸಿಗಲಿಲ್ಲ.
"ಸ್ಟೋರಿನಲ್ಲಿಲ್ಲ" ಅಂದ ಗುಮಾಸ್ತ.
ಮುಂದಿನ ತಾರೀಕು.

ಈಗ ರಾತ್ರಿ ಹತ್ತು. ಮೂರು ಮೀಟರು ಬೂದು ಕಾಟನ್ನು,
ಎಂಟು ರಿಂಗು, ಫ್ಯಾನಿನ ಗಾಳಿಗೆ ಹಾರದಂತೆ
ಅಂಚಿಗೆ ಸಣ್ಣ ಸರಪಳಿ.
ಯಾರ ಅಳತೆಗೆ ಕತ್ತರಿಸುವುದೋ ತಿಳಿಯದೆ
ಹೊಂಬಮ್ಮನಿಗೆ ಫೋನು ಮಾಡಿದೆ.
"ನನ್ನ ತಲೆಗಿಂತ ಒಂದು ಗೇಣು ಮೇಲಿರಲಿ," ಎಂದಳು.
ತುಸು ತಡೆದು,
"ಕೆಳಗೆ ಕಾಲು ಕಾಣ್ಲಿ, ಅಕ್ಕಾ.
ನಾನು ನಿಂತಿರೋದು ಅವನಿಗೆ ಗೊತ್ತಾಗ್ಲಿ."