ಗುಂಡುಬೀಜ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಹದಿನಾರು ವರ್ಷ ಕಾಫಿಬೀಜ ಆರಿಸಿದ್ದೇನೆ.
ಬೆಲ್ಟು ಹರಿಯುತ್ತದೆ, ಬೆರಳು ಓಡುತ್ತದೆ.
ಕಪ್ಪು, ಒಡಕು, ಹುಳ ಕೊರೆದದ್ದು ಆಚೆಗೆ.
ಗುಂಡುಬೀಜ ಸಿಕ್ಕರೆ ಬೇರೆ ಬುಟ್ಟಿಗೆ.
ಅದಕ್ಕೆ ರೇಟು ಹೆಚ್ಚು.

ಹಣ್ಣೊಂದಕ್ಕೆ ಬೀಜ ಎರಡು, ಲೆಕ್ಕ ಹಾಗೆ.
ಬೆನ್ನು ದುಂಡು, ಹೊಟ್ಟೆ ಚಪ್ಪಟೆ,
ಒಂದರ ಹೊಟ್ಟೆಗೆ ಇನ್ನೊಂದರ ಹೊಟ್ಟೆ ಒತ್ತಿ
ಕತ್ತಲಲ್ಲಿ ಎಂಟು ತಿಂಗಳು.
ಯಾವಾಗಲೋ ಒಮ್ಮೆ ಒಂದು ಬರುವುದೇ ಇಲ್ಲ.
ಆಗ ಬಂದದ್ದು ಉರುಟಾಗುತ್ತದೆ
ಬಾರದ್ದರ ಜಾಗಕ್ಕೂ ತಾನೇ ಹರಡಿಕೊಂಡು.

"ಬಾರದ್ದು ಎಲ್ಲಿ ಹೋಯಿತು?" ಐಸಮ್ಮನನ್ನು ಕೇಳಿದೆ.
"ಹೋಗಬೇಕಾದರೆ ಮೊದಲು ಬರಬೇಕಲ್ಲ ಮಾರಾಯ್ತಿ"
ಅಂದಳು, ಎಲೆಗೆ ಸುಣ್ಣ ಸವರುತ್ತ.
ಮಾತು ಸರಿ. ಆದರೂ
ಈ ಬೀಜದ ಆಕಾರವೆಲ್ಲ ಅದರದೇ ಕೆಲಸ.
ಇಲ್ಲದ್ದು ಇಷ್ಟು ಚೆನ್ನಾಗಿ ತಿರುವಿದೆಯೆ ಇದನ್ನು,
ಇದ್ದದ್ದಕ್ಕೆ ಒತ್ತಲು ಮಾತ್ರ ಬಂದಿತೆ?

"ಅವಳಿಯೇನೆ ನೀನು?" ಎಂದಳು ಲಿಲ್ಲಿ.
ಅಲ್ಲ. ಅಂಥ ಕಥೆ ಇದ್ದಿದ್ದರೆ ಸುಲಭವಿತ್ತು.

ಮಾರ್ಚಿನ ಹೂಮಳೆ ಹತ್ತು ದಿನ ತಡವಾಗಿದ್ದರೆ
ಮೊಗ್ಗು ಕಮರಿ ಈ ಬೀಜವಿಲ್ಲ.
ಯಾವುದೋ ಕಾಲದಲ್ಲಿ ಮೊದಲ ಸಸಿ ಒಣಗಿದ್ದರೆ ತೋಟವಿಲ್ಲ.
ಬೆಟ್ಟ ಏಳದಿದ್ದರೆ ಮೋಡ ನಿಲ್ಲುತ್ತಿರಲಿಲ್ಲ,
ಕಾವೇರಿ ಇಲ್ಲ, ಸೇತುವೆ ಇಲ್ಲ,
ಸೇತುವೆ ದಾಟುವ ಐದೂವರೆಯ ಬಸ್ಸಿಲ್ಲ,
ನಾನು, ಐಸಮ್ಮ, ಎಲೆ, ಸುಣ್ಣ...
ಒಂದೊಂದೇ ಆರಿಸಿ ಆಚೆಗೆ ಹಾಕುತ್ತ ಹೋದೆ
ಬೆಲ್ಟು ಬರಿದಾಗುವ ತನಕ.
ಬೆಲ್ಟನ್ನೂ ಹಾಕಿದೆ.
ಬೆರಳು ಉಳಿಯಿತು.

ಏನೂ ಇಲ್ಲದೆ ಇರಬಹುದಿತ್ತು, ಅಂದುಕೊಂಡೆ.
ಅಂದದ್ದು ನಾಲಗೆಯಲ್ಲೇ ಸಿಕ್ಕಿಕೊಂಡಿತು:
ಇಲ್ಲದೆ
ಇರಬಹುದಿತ್ತು.
ಇಲ್ಲದಿರಲಿಕ್ಕೂ ಇರಲೇಬೇಕಾಯಿತಲ್ಲ!
ನಮ್ಮ ಮಾತಿನ ಬಡತನವೋ
ಇರುವುದರ ಹಟವೋ ತಿಳಿಯಲಿಲ್ಲ.
ಐಸಮ್ಮನ ಮನೆಮಾತಿನಲ್ಲಿ ಹೇಗೆನ್ನುತ್ತಾರೋ, ಕೇಳಬೇಕು.

ಐದಕ್ಕೆ ಸೈರನ್. ಬುಟ್ಟಿ ತೂಗಿಸುವ ಸಾಲು.
ಉತ್ತಯ್ಯ ನನ್ನದನ್ನು ಬರೆದುಕೊಂಡು ಕೆಳಗಿಳಿಸಿದ.
ತಟ್ಟೆ ಖಾಲಿ. ಕೆಂಪು ಅಂಕಿ ಸೊನ್ನೆಗೆ ಬಾರದೆ
ನಲವತ್ತು ಗ್ರಾಮಿನಲ್ಲಿ ನಿಂತಿತ್ತು.
"ದಿನಾ ಇದೇ ಗೋಳು" ಎಂದು
ಅಂಗೈಯಲ್ಲಿ ಒಂದು ಬಿಟ್ಟ ಅದರ ಬುರುಡೆಗೆ.

ನಲವತ್ತು ಯಾರದೆಂದು ಯಾರೂ ಕೇಳಲಿಲ್ಲ.
ಬಸ್ಸಿಗೆ ಹೊತ್ತಾಗಿತ್ತು.