ನಾಲ್ಕೂವರೆ ಮರಿ

ಇಪ್ಪತ್ತೆರಡು ಕೋಳಿ, ಹದಿಮೂರು ದಿನದಲ್ಲಿ ಹೋದವು.
ಮೊದಲು ಹಸಿರು ಹಿಕ್ಕೆ, ಆಮೇಲೆ ಕುತ್ತಿಗೆ ತಿರುಚಿಕೊಂಡು
ಆಕಾಶದಲ್ಲಿ ಏನೋ ಕಳೆದುಹೋದಂತೆ ಹುಡುಕುವುದು,
ಆಮೇಲೆ ಗೋಣಿಚೀಲ.
ಕಾಫಿ ಬುಡದಲ್ಲಿ ಮೊಣಕಾಲುದ್ದ ಗುಂಡಿ, ಮೇಲೆ ಸುಣ್ಣ.
ಬಾಳೆಲೆ ಪೇಟೆಯ ದನದ ಡಾಕ್ಟರು ಫೋನಿನಲ್ಲೇ ಅಂದರು:
ಎರಡು ತಿಂಗಳು ಗೂಡು ಖಾಲಿ ಬಿಡಿ.

ಬಿಟ್ಟೆ. ಆದರೂ ಸಂಜೆ ಆರಕ್ಕೆ ಕೈ
ತಾನಾಗಿ ನುಚ್ಚಿನ ಡಬ್ಬಕ್ಕೆ ಹೋಗುತ್ತಿತ್ತು.
ಹಂದಿ ಮಾತ್ರ ಬಕೆಟ್ಟಿನ ಸದ್ದಿಗೆ ಎದ್ದು ನಿಂತು
ನಿನ್ನ ದುಃಖಕ್ಕೂ ನನ್ನ ಗಂಜಿಗೂ ಏನು ಸಂಬಂಧ
ಎಂದು ಕೂಗುತ್ತಿತ್ತು.

ಬೊಳ್ಳಿ ಬಂದದ್ದು ಆ ಎರಡು ತಿಂಗಳು ಮುಗಿದ ಮರುದಿನ.
ಕಂಕುಳಲ್ಲಿ ಬೂದು ಹೇಂಟೆ, ಕಾಲಿಗೆ ಬಾಳೆನಾರು,
ಮಡಿಲಲ್ಲಿ ಹನ್ನೊಂದು ಮೊಟ್ಟೆ.
ಲೈನ್ ಮನೆಯ ಕೋಳಿ ಹೇಗೆ ಉಳಿದವೋ, ನಾನು ಕೇಳಲಿಲ್ಲ.
ಹೇಳುವ ಮೊದಲೇ ಜಗುಲಿಯಲ್ಲಿ ಕೂತಳು.
"ಪಾಲಿಗೆ ಕೊಡ್ತೇನೆ.
ಹುಟ್ಟಿದ್ದರಲ್ಲಿ ಅರ್ಧ ನನಗೆ.
ಹೇಂಟೆ ಯಾವತ್ತೂ ನನ್ನದೇ.
ಸತ್ತದ್ದು ನಿಮ್ಮ ಲೆಕ್ಕಕ್ಕೆ."

ಆ ಮೂರು ಮಾತು ನನಗೆ ಬಾಯಿಪಾಠ.
ನಮ್ಮತ್ತೆ ಇದೇ ಜಗುಲಿಯಲ್ಲಿ ಕೂತು
ಅಂಗಳದಲ್ಲಿ ನಿಂತ ಇವಳ ತಾಯಿ ಕೆಂಚಿಗೆ
ಹೇಳುತ್ತಿದ್ದದ್ದು. ಅದೇ ಕ್ರಮ,
"ಯಾವತ್ತೂ" ಅನ್ನುವಾಗ ಗದ್ದ ಎತ್ತುವುದೂ ಅದೇ.
ಆಗ ಬೊಳ್ಳಿ ಸೆರಗು ಹಿಡಿದ ಏಳು ವರ್ಷದ ಹುಡುಗಿ.
ಮಕ್ಕಳಿಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದೆವು.

ಒಪ್ಪಿದೆ.

ಹಳೆ ಕುಕ್ಕೆಗೆ ಹೊಟ್ಟು ಹಾಸಿ ಮೊಟ್ಟೆ ಇಟ್ಟೆವು,
ಗುಡುಗಿಗೆ ಕೆಡದಿರಲೆಂದು ಒಂದು ತುಂಡು ಇದ್ದಿಲು, ಒಂದು ಲಾಳದ ಮೊಳೆ.
ಎಂಟನೇ ರಾತ್ರಿ ಇಬ್ಬರೂ ಒಂದೇ ಕಂಬಳಿ ಹೊದ್ದು
ಕತ್ತಲು ಮಾಡಿಕೊಂಡು, ಟಾರ್ಚಿಗೆ ಹಿಡಿದು ನೋಡಿದೆವು:
ಸಣ್ಣ ಕೆಂಪು ಜೇಡ, ಕಾಲಾಡಿಸುತ್ತ.
ಎರಡರಲ್ಲಿ ಇರಲಿಲ್ಲ.
ಅವಳ ತಲೆಯಲ್ಲಿ ಒಲೆ ಹೊಗೆಯ ವಾಸನೆ.
ನನ್ನದರಲ್ಲಿ ಅವಳಿಗೆ ಏನು ಬಂತೋ.

ಇಪ್ಪತ್ತೊಂದಕ್ಕೆ ಒಂಬತ್ತು.
ಸೊಸೈಟಿ ಕ್ಯಾಲೆಂಡರಿನ ಹಿಂಬದಿಗೆ ನಾನು ಬರೆದೆ.
ಬೊಳ್ಳಿ ಒಂಬತ್ತು ಕಾಫಿಬೀಜ ಸೆರಗಿಗೆ ಗಂಟು ಹಾಕಿಕೊಂಡಳು.

ಒಂದನ್ನು ಗಿಡುಗ ಒಯ್ದಿತು, ಕಣದ ಮೇಲಿಂದ,
ನಾನು ಕುಂಟೆ ಎತ್ತುವ ಮೊದಲೇ.
ಇನ್ನೊಂದನ್ನು ಕೀರ. ಗೂಡಿನ ಹಲಗೆಯಲ್ಲಿ
ಎರಡು ಬೆರಳ ಸಂದು ಇತ್ತು.
ಅದನ್ನು ಕ್ಯಾಲೆಂಡರಿನಲ್ಲಿ ಬರೆಯಲಿಲ್ಲ.

"ಏಳು ಉಳಿದಿದೆ. ನಿನಗೆ ಮೂರೂವರೆ," ಅಂದೆ.
ಅವಳು ಗಂಟು ಬಿಚ್ಚಿ, ಜಗುಲಿಯ ಮೇಲೆ
ಬೀಜ ಒಂದೊಂದೇ ಇಟ್ಟಳು.
"ಸತ್ತದ್ದು ನಿಮ್ಮ ಲೆಕ್ಕ ಅಕ್ಕಾ. ನಾಲ್ಕೂವರೆ."
ದನಿ ಏರಲಿಲ್ಲ.
ಒಂದು ವರ್ಷ ಕೆಂಚಿ, ಲೆಕ್ಕ ಮುಗಿದ ಮೇಲೆ,
ಒಂದು ಮರಿಯೂ ಇಲ್ಲದೆ ಬರಿಯ ಕುಕ್ಕೆ ಹೊತ್ತು
ಗದ್ದೆ ಬದುವಿನಲ್ಲಿ ಹೋದದ್ದು
ನನಗೂ ನೆನಪಿತ್ತು, ಅವಳಿಗೂ.
ಆ ಮಾತು ಇಬ್ಬರೂ ಎತ್ತಲಿಲ್ಲ.
ಕೊಟ್ಟಿಗೆಯಲ್ಲಿ ಹಸು ಉಚ್ಚೆ ಹೊಯ್ಯುವ ಸದ್ದು ಬಹಳ ಹೊತ್ತು ಕೇಳಿಸಿತು.

ನಾಲ್ಕು ಮರಿ ಅವಳ ಕುಕ್ಕೆಗೆ. ಎರಡು ನನಗೆ.
ಏಳನೆಯದು ಬೋಳುಕುತ್ತಿಗೆಯ ಹುಂಜ,
ಅರ್ಧ ಅವಳದು, ಅರ್ಧ ನನ್ನದು, ಪೂರ್ತಿ ಪುಂಡ.
ಗೂಡು ಬೇಡ ಅದಕ್ಕೆ, ಸೀಬೆ ಮರವೇ ಬೇಕು.
ಹಂದಿಯ ಗಂಜಿಗೆ ಕಾಲಿಟ್ಟು, ಹಂದಿಯನ್ನೇ ಗದರಿಸುತ್ತದೆ.

ಪೂಣಚ್ಚ ಅಂದರು, ಅರ್ಧದ ದುಡ್ಡು ಕೊಟ್ಟು ಮುಗಿಸು,
ಹಬ್ಬಕ್ಕೆ ಆಯಿತು.
ಬೊಳ್ಳಿ ಅಂದಳು, "ನನ್ನ ಅರ್ಧ ಮಾರಲ್ಲ."
"ಯಾವ ಅರ್ಧ ನಿನ್ನದು?"
"ಕೂಗುವ ಅರ್ಧ."

ಈಗ ದಿನಾ ಮೂರೂಮುಕ್ಕಾಲಿಗೆ
ಬೊಳ್ಳಿಯ ಪಾಲು ನನ್ನನ್ನು ಎಬ್ಬಿಸುತ್ತದೆ.
ಎದ್ದು, ಸ್ವೆಟರ್ ಹಾಕಿಕೊಂಡು,
ನನ್ನ ಪಾಲಿಗೆ ನುಚ್ಚು ಎರಚುತ್ತೇನೆ.